ಕೊಂಬೆಯ ತುದಿಯ ನೀಲಿ

ಬಿಳಿ ಬಣ್ಣದ ಹನಿಯೊಂದು ಕಾಲಿನ ಹೆಬ್ಬೆರಳ ಮೇಲೆ ಬಿತ್ತು, ತಣ್ಣಗಿದೆ, ಒರೆಸಬೇಕು, ಒರೆಸಿದರೆ ಕೈಗೆ ಅಂಟುತ್ತದೆ, ಕೈಯಿಂದ ಬಟ್ಟೆಗೆ, ಬಟ್ಟೆಯಿಂದ ಮನೆಯ ಬಾಗಿಲಿಗೆ, ಬಾಗಿಲಿನಿಂದ ಇವರ ಕಣ್ಣಿಗೆ — ಅಯ್ಯೋ, ಇನ್ನೇನು ಬಾಗಿಲು, ಇವತ್ತು ಇವರೇ ಇಲ್ಲಿಗೆ ಬರುತ್ತಾರಂತೆ, ಬೆಳಗ್ಗೆ ಟೀ ಲೋಟ ಕೆಳಗಿಡುತ್ತಾ ಹೇಳಿಯೇ ಬಿಟ್ಟರಲ್ಲ, ನಾನೂ ಬರ್ತೀನಿ ಕಣೇ ಇವತ್ತು ಮ್ಯೂಸಿಯಮ್ಮಿಗೆ, ಮಧ್ಯಾಹ್ನ ಆ ಡೈವರ್ ಹುಡುಗಿ ಆಟೋ ತರ್ತಾಳೆ, ಎಂದು, ನಾನು, ಬೇಡ ರೀ, ಇವತ್ತು ರಜೆ, ಬಾಗಿಲು ಹಾಕಿರುತ್ತೆ, ಮೆಟ್ಟಿಲು ಬೇರೆ, ಎಂದರೆ, ಬಾಗಿಲು ಹಾಕಿದ್ರೆ ನೀನು ಹೆಂಗೆ ಒಳಗೆ ಹೋಗ್ತೀಯಾ, ಗೋಡೆ ಹಾರ್ಕೊಂಡಾ, ಎಂದರು. ಇವರು ತಮಾಷೆ ಮಾಡಿ ಎಷ್ಟು ಕಾಲವಾಗಿತ್ತು, ನಗಬೇಕೋ ಅಳಬೇಕೋ ತಿಳಿಯದೆ ಲೋಟ ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಈಗ ಈ ಸ್ಟೂಲಿನ ಮೇಲೆ ಕೂತಿದ್ದೇನೆ, ಫ್ಯಾನು ಹಾಕುವ ಹಾಗಿಲ್ಲ, ಹಾಕಿದರೆ ಧೂಳೆಲ್ಲ ಹಸಿ ಬಣ್ಣಕ್ಕೆ ಮೆತ್ತಿಕೊಳ್ಳುತ್ತದೆ, ಬೆನ್ನಲ್ಲಿ ಬೆವರು ಇಳಿಯುತ್ತಿದೆ, ಎದುರಿಗೆ ನನ್ನ ಹವಳದ ದಿಬ್ಬ, ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ, ಪ್ಲಾಸ್ಟರಿನದು, ಇದೇ ಕೈಯಿಂದ ಆದದ್ದು, ಕೊಂಬೆ ಹವಳ, ತಟ್ಟೆ ಹವಳ, ಮಿದುಳು ಹವಳ, ಶಾಲೆಯ ಮಕ್ಕಳು ಬಂದು ಗಾಜಿಗೆ ಮೂಗೊತ್ತಿ ನೋಡುತ್ತಿದ್ದವು, ಆ ಗಾಜನ್ನು ನಿನ್ನೆ ಬಿಚ್ಚಿ ಪಕ್ಕಕ್ಕೆ ಒರಗಿಸಿದ್ದಾರೆ, ಮೂಗಿನ ಗುರುತುಗಳು ಇನ್ನೂ ಅದರ ಮೇಲಿವೆ. ಎಲ್ಲ ಬಿಳಿ ಆಗಬೇಕು. ಮೇಡಂ ಹೇಳಿದ್ದಾರೆ, ಮ್ಯೂಸಿಯಮ್ಮಿನ ಮುಖ್ಯಸ್ಥೆ, ನನಗೊಬ್ಬಳು ಮಗಳಿದ್ದಿದ್ದರೆ ಅದೇ ವಯಸ್ಸಿನವಳಾಗಿರುತ್ತಿದ್ದಳು, ಒಳ್ಳೆಯವಳೇ, ಹೇಳುವಾಗ ನನ್ನ ಮುಖ ನೋಡಲಾರದೆ ಪೆನ್ನಿನ ಮುಚ್ಚಳ ತಿರುಗಿಸುತ್ತಾ ಹೇಳಿದಳು, ಅಮ್ಮಾ, ಸಮುದ್ರದಲ್ಲಿ ಈಗ ಹೆಂಗಿದೆಯೋ ಇಲ್ಲೂ ಹಂಗೇ ಇರಬೇಕಲ್ವಾ, ನೋಡೋಕೆ ಬಂದೋರಿಗೆ ಸುಳ್ಳು ತೋರ್ಸೋದು ಹೆಂಗೆ. ಸರಿ ತಾಯಿ, ಸುಳ್ಳು ತೋರಿಸಬಾರದು. ಹಾಗಾದರೆ ಈ ಬೇಸಿಗೆಯುದ್ದಕ್ಕೂ ನಾನು ಮನೆಯಲ್ಲಿ ಮಾಡಿದ್ದೇನು? ದಿನಾ ಸಂಜೆ ಇವರ ಕುರ್ಚಿಯ ಪಕ್ಕ ಕೂತು, ಇವತ್ತು ತಟ್ಟೆ ಹವಳ ಹಿಂಗಿದೆಯಂತೆ, ಮಿದುಳು ಹವಳ ಹಂಗಿದೆಯಂತೆ ಎಂದು ನಾನು ಹೇಳಿದ್ದೇ ಹೇಳಿದ್ದು, ಇವರು ಹೂಂ ಅಂದಿದ್ದೇ ಅಂದಿದ್ದು. ಸಮುದ್ರದೊಳಗೆ ಹವಳದ ಬಣ್ಣ ಹೋಯಿತೆಂದು ಊರಿಗೆಲ್ಲ ಗೊತ್ತು, ಇವರೊಬ್ಬರಿಗೆ ಗೊತ್ತಿಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಆ ಬಾಗಿಲಿನಿಂದ ಬಂದು ಇದನ್ನು ನೋಡುತ್ತಾರೆ, ಆಗ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ.

ಬ್ರಷ್ಷು ತಟ್ಟೆ ಹವಳದ ಅಂಚಿಗೆ ಬಂತು, ಅಂಚಿನಲ್ಲಿ ಹಳದಿಯ ಗೆರೆ, ಈ ಒಂದು ಗೆರೆಗೆ ಎಷ್ಟು ಜಗಳವಾಡಿದ್ದೆವು, ಹಳದಿ ಅಲ್ಲ ಕಣೇ, ಹಣ್ಣಾಗೋಕೆ ಹೊರಟಿರೋ ಹಸಿರು, ಹಂಗಂದ್ರೆ ಏನು ರೀ, ಹಸಿರು ಅನ್ನಿ ಇಲ್ಲ ಹಳದಿ ಅನ್ನಿ, ಯಾವ ಡಬ್ಬಿ ತೆಗೀಲಿ ಅದನ್ನ ಹೇಳಿ, ಎಂದು ನಾನು ಸೊಂಟಕ್ಕೆ ಕೈಯಿಟ್ಟು ನಿಂತರೆ ಇವರು ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು, ಕೂದಲು ಇನ್ನೂ ಒದ್ದೆ, ಉಪ್ಪಿನ ವಾಸನೆ, ರಬ್ಬರಿನ ವಾಸನೆ, ನನ್ನ ಹೆಗಲ ಮೇಲೆ ಗದ್ದ ಊರಿ, ಹಾಕು, ಇನ್ನೊಂಚೂರು, ಇನ್ನೊಂಚೂರು ಹಾಕೇ ಜಿಪುಣಿ, ಹಾಂ, ನಿಲ್ಸು. ಆ ನಿಲ್ಸು ಎನ್ನುವಾಗ ಉಸಿರು ಕಿವಿಗೆ ತಾಕುತ್ತಿತ್ತು. ನನಗೆ ಬೇಕಾದದ್ದು ಅದೊಂದೇ, ದೇವರಾಣೆ ಬೇರೇನೂ ಬೇಡ, ಇನ್ನೊಂದು ಸಲ ಬೆನ್ನ ಹಿಂದೆ ನಿಂತು ಇನ್ನೊಂಚೂರು ಎನ್ನಬೇಕು, ನಾನು ಬೇಕೆಂದೇ ಹೆಚ್ಚು ಹಾಕಬೇಕು, ಇವರು ಬೈಯಬೇಕು. ನನಗೆ ಈಜು ಬರುವುದಿಲ್ಲ, ಅಲೆ ಮೊಣಕಾಲಿಗಿಂತ ಮೇಲೆ ಬಂದರೆ ಊರು ಕೇಳುವ ಹಾಗೆ ಕಿರುಚುತ್ತೇನೆ, ಜನ ನಗುತ್ತಾರೆ, ಸಮುದ್ರದ ತಳವನ್ನು ಗೋಡೆ ತುಂಬ ಮಾಡಿದವಳು ಸಮುದ್ರದೊಳಗೆ ಒಂದು ದಿನವೂ ತಲೆ ಹಾಕಿಲ್ಲ. ನೋಡಿದ್ದು ಇವರು, ಬಳಿದದ್ದು ನಾನು. ಬಂದರಿನಲ್ಲಿ ಡೈವರ್ ಕೆಲಸ, ನೀರಿನೊಳಗೆ ಮುಳುಗಿ ಹಡಗಿನ ತಳಕ್ಕೆ ಕಚ್ಚಿದ ಚಿಪ್ಪು ಕೆರೆಯುವುದು, ನಮ್ಮಕ್ಕ ಮದುವೆಗೆ ಮುಂಚೆ ಮೂಗು ಮುರಿದಿದ್ದಳು, ದಿನಾ ಮುಳುಗೋನ್ನ ನಂಬ್ಕೊಂಡು ಸಂಸಾರ ಮಾಡ್ತೀಯೇನೇ, ಎಂದು, ಅದಕ್ಕೇ ನಾನು ಇವರಿಗೆ ಮುಳುಗಪ್ಪ ಎಂದು ಹೆಸರಿಟ್ಟೆ, ಏನು ಮುಳುಗಪ್ಪಾ, ಇವತ್ತು ಬೇಗ ತೇಲಿದೆಯಲ್ಲಾ, ಎಂದರೆ ಕಿವಿಯವರೆಗೂ ನಗು. ಕೆಲಸ ಮುಗಿಸಿ ಸಿಲಿಂಡರಿನಲ್ಲಿ ಗಾಳಿ ಉಳಿದಿದ್ದರೆ ದಿಬ್ಬದ ಕಡೆಗೆ ಹೋಗುತ್ತಿದ್ದರು, ನನಗೋಸ್ಕರ, ಬಣ್ಣ ನೋಡಿಕೊಂಡು ಬರಲು.

ಹವಳ ಮುರಿದು ತರುವ ಹಾಗಿಲ್ಲ, ಫೋಟೋ ತೆಗೆದರೆ ಎಲ್ಲವೂ ನೀಲಿ ನೀಲಿ, ಅದಕ್ಕೆ ನಾವೇ ಒಂದು ದಾರಿ ಮಾಡಿಕೊಂಡೆವು, ಒಡೆದ ಬಕೆಟ್ಟಿನ ಪ್ಲಾಸ್ಟಿಕ್ಕನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಬಣ್ಣ ಹಚ್ಚಿ, ಮೇಲೆ ವಾರ್ನಿಷ್ ಬಳಿದು, ತೂತು ಮಾಡಿ, ದಾರಕ್ಕೆ ಪೋಣಿಸಿ ಇವರ ಮಣಿಕಟ್ಟಿಗೆ ಕಟ್ಟುತ್ತಿದ್ದೆ, ಕೆಳಗೆ ಹೋಗಿ ಹವಳದ ಪಕ್ಕ ಹಿಡಿದು ಯಾವುದು ಹೊಂದುತ್ತದೋ ಅದಕ್ಕೆ ಚಾಕುವಿನಿಂದ ಕಚ್ಚು ಹಾಕಿಕೊಂಡು ಬರುವುದು. ಮೊದಲ ವರ್ಷ ಎಂಥ ಪಜೀತಿ. ಪಾಪ, ಎಷ್ಟು ಶ್ರದ್ಧೆಯಿಂದ ಕಚ್ಚು ಹಾಕಿ ತಂದರು, ನಾನೂ ಎಷ್ಟು ಶ್ರದ್ಧೆಯಿಂದ ಬಳಿದೆ, ಗೋಡೆಯ ಅರ್ಧ ಮುಗಿದಾಗ ಹಿಂದಕ್ಕೆ ಸರಿದು ನೋಡುತ್ತೇನೆ, ಎಲ್ಲ ಕೆಸರು, ಕಂದು, ಬೂದಿ, ಮಳೆ ನಿಂತ ಮೇಲೆ ಬಸ್‌ಸ್ಟ್ಯಾಂಡ್ ಇರುತ್ತದಲ್ಲ ಹಾಗೆ, ಆಗ ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಸಾಹೇಬರು ಬಂದು ನೋಡಿ, ಏನಮ್ಮಾ, ಹವಳ ಮಾಡು ಅಂದ್ರೆ ಸಗಣಿ ಮಾಡಿದೀಯಲ್ಲ, ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಿಳಿಯಿತು, ಆಳಕ್ಕೆ ಹೋದ ಹಾಗೆ ನೀರು ಕೆಂಪನ್ನು ನುಂಗಿಬಿಡುತ್ತದಂತೆ, ಟಾರ್ಚು ಹಾಕದಿದ್ದರೆ ರಕ್ತವೂ ಕಪ್ಪಗೆ ಕಾಣುತ್ತದಂತೆ, ಹವಳದ ಕೆಂಪು ಹೇಗೋ ಪಟ್ಟಿಯ ಕೆಂಪೂ ಹಾಗೆಯೇ, ಕೆಂಪು ಪಟ್ಟಿ ಯಾವುದು ಕಂದು ಪಟ್ಟಿ ಯಾವುದು ಗೊತ್ತಾಗದೆ, ಎರಡೂ ಸೇರಿ ನಮ್ಮನ್ನು ಮಂಗ ಮಾಡಿದ್ದವು. ಟಾರ್ಚು ಕೊಂಡ ದಿನ ಇವರು ನೀರಿನಿಂದ ಮೇಲೆ ಬಂದವರು ಬಟ್ಟೆ ಕೂಡ ಬದಲಾಯಿಸದೆ ಬೀದಿಯಲ್ಲಿ ನೀರು ಸುರಿಸಿಕೊಂಡು ಈ ಮ್ಯೂಸಿಯಮ್ಮಿಗೇ ಓಡಿ ಬಂದಿದ್ದರು, ಕೆಂಪಿದೆ ಕಣೇ, ಕೆಳಗೆ ಕೆಂಪಿದೆ, ಎಷ್ಟೊಂದು ಕೆಂಪಿದೆ, ವಾಚ್‌ಮನ್ ಗಾಬರಿಯಾಗಿ ಎಲ್ಲಿ ಸಾರ್ ಪೆಟ್ಟಾಯ್ತು ಎಂದು ಇವರ ಮೈಯೆಲ್ಲ ತಡವಿದ. ಆ ಕೆಂಪು ಇಗೋ ಇಲ್ಲಿತ್ತು, ನಿನ್ನೆ ಸಂಜೆಯವರೆಗೂ ಇತ್ತು, ಈಗ ಅದರ ಮೇಲೆ ಎರಡು ಕೋಟು ಬಿಳಿ. ಮೊದಲ ಕೋಟಿನಲ್ಲಿ ಇಣುಕುತ್ತಿತ್ತು, ಹಾಳಾದ್ದು, ಎರಡನೆಯದಕ್ಕೆ ಅಡಗಿತು.

ಇವರು ಮೇಲೆ ಬರುವುದು, ನಾನು ಕಾಯುವುದು, ಅದು ಹಾಗೆಯೇ ನಡೆದುಕೊಂಡು ಹೋಗುತ್ತದೆ ಎಂದುಕೊಂಡಿದ್ದೆ, ಯಾರು ತಾನೇ ಬೇರೆ ಏನಾದರೂ ಅಂದುಕೊಳ್ಳುತ್ತಾರೆ. ಆ ದಿನ ಹಡಗಿನ ಸರಪಳಿಯ ಬುಡದಿಂದ ಮೇಲೆ ಬಂದವರು ದೋಣಿಯ ಅಂಚು ಹಿಡಿದುಕೊಂಡು, ಯಾಕೋ ಎಲ್ಲಾ ತಿರುಗ್ತಾ ಇದೆ, ಎಂದರಂತೆ, ಅಷ್ಟೇ, ತಿರುಗುವುದು ಇವತ್ತಿಗೂ ಪೂರ್ತಿ ನಿಂತಿಲ್ಲ. ಒಳಗಿವಿಗೆ ಪೆಟ್ಟು, ಎಂದರು ಡಾಕ್ಟರು, ಒಂದು ಕಿವಿ ಹೋಯಿತು, ನೆಲ ನೆಲದ ಹಾಗಿಲ್ಲ ಇವರಿಗೆ, ಗೋಡೆ ಹಿಡಿದು ನಡೆಯಬೇಕು, ಇನ್ನು ನೀರಿಗೆ ಇಳಿಯೋ ಮಾತೇ ಇಲ್ಲ, ಎಂದು ಡಾಕ್ಟರು ಹೇಳುವಾಗ ಇವರು ಕೇಳದ ಕಿವಿಯನ್ನು ಅವರ ಕಡೆಗೆ ತಿರುಗಿಸಿ ಕೂತಿದ್ದರು, ಬೇಕೆಂದೇ, ನನಗೆ ಗೊತ್ತು. ಅಲ್ಲಿಂದ ಕಿಟಕಿಯ ಪಕ್ಕದ ಕುರ್ಚಿ. ಆ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಎದುರು ಮನೆಯವರ ನೀರಿನ ಟ್ಯಾಂಕು ಕಾಣುತ್ತದೆ, ಕುರ್ಚಿ ಆ ಕಡೆ ಹಾಕ್ಲಾ ರೀ, ಸಂದಿಯಲ್ಲಿ ಒಂಚೂರು ಸಮುದ್ರ ಕಾಣುತ್ತೆ, ಬೇಡ, ಇಲ್ಲೇ ಇರಲಿ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಟಿವಿ ಹಾಕಿದರೆ ತಲೆ ತಿರುಗುತ್ತೆ ಆಫ್ ಮಾಡು, ಪೇಪರ್ ಬೇಡ, ಬಂದರಿನ ಗೆಳೆಯರು ಬಂದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುವುದು. ಒಂದೇ ಮನೆ, ಒಂದೇ ಮಂಚ, ಪಕ್ಕದಲ್ಲೇ ಮಲಗಿದ್ದಾರೆ, ಆದರೂ ಇವರು ಎಲ್ಲೋ ಕೆಳಗಿದ್ದಾರೆ, ಇನ್ನೂ ಮೇಲೆ ಬಂದಿಲ್ಲ ಎನ್ನಿಸುತ್ತಿತ್ತು ನನಗೆ, ಕಾಯುತ್ತಾ ಮಲಗಿರುತ್ತಿದ್ದೆ.

ಆಮೇಲೆ ಈ ಹುಡುಗಿ ಬಂದಳು, ಇವರ ಜಾಗಕ್ಕೆ ಸೇರಿದ ಡೈವರ್, ಇವರೇ ಕಲಿಸಿದವಳು, ಮೊದಲ ದಿನವೇ ಮಾಮ, ಅತ್ತೆ ಎಂದು ಬಾಯಿ ತುಂಬ ಕರೆದು ಅಡುಗೆಮನೆಯವರೆಗೂ ಬಂದವಳು, ಅವಳ ಮಣಿಕಟ್ಟಿಗೆ ನಮ್ಮ ಪಟ್ಟಿಗಳ ಗೊಂಚಲನ್ನು ಕಟ್ಟಿದೆ, ನೋಡ್ಕೊಂಡು ಬಾರೇ, ಟಾರ್ಚು ಮರೀಬೇಡ, ಎಂದೆ. ಅವಳು ಮ್ಯೂಸಿಯಮ್ಮಿಗೆ ಬಂದು ನನಗೆ ಹೇಳುವುದು, ನಾನು ಸಂಜೆ ಇವರಿಗೆ ಹೇಳುವುದು, ಎಲ್ಲ ತಿರುವುಮುರುವು, ಮೊದಲು ಇವರು ಹೇಳುತ್ತಿದ್ದರು ನಾನು ಕೇಳುತ್ತಿದ್ದೆ, ಈಗ ನೋಡದವಳು ನೋಡಿದವರಿಗೆ ಹೇಳುತ್ತಿದ್ದೇನೆ. ಆದರೆ ಕೆಲಸ ಮಾಡಿತು. ಒಳ್ಳೆಯ ಕಿವಿಯನ್ನು ನನ್ನ ಕಡೆಗೆ ತಿರುಗಿಸುತ್ತಿದ್ದರು, ಹಸಿರು ಅಂದ್ರೆ ಯಾವ ಹಸಿರು, ಅಂಚು ಹೆಂಗಿದೆಯಂತೆ, ಎಂದು ಒಂದೊಂದೇ ಮಾತು ಹೊರಗೆ ಬರುತ್ತಿತ್ತು, ನಾನೂ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ, ದಿನವಿಡೀ ಆ ಹೊತ್ತಿಗಾಗಿ ಕಾಯುವುದು, ಬಸ್ಸಿನಲ್ಲಿ ಬರುವಾಗ ತುಟಿ ಅಲ್ಲಾಡಿಸಿಕೊಂಡು ಹೇಳುವುದನ್ನು ಹೊಂದಿಸಿಕೊಳ್ಳುವುದು, ಪಕ್ಕದಲ್ಲಿ ಕೂತವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರೂ ಎಂದುಕೊಳ್ಳಲಿ.

ಬೇಸಿಗೆ ಶುರುವಾಯಿತು, ಶುರುವಾದದ್ದು ನಿಲ್ಲಲಿಲ್ಲ. ಅತ್ತೆ, ಸಮುದ್ರ ಸ್ನಾನದ ನೀರಿನ ಹಾಗಾಗಿದೆ, ಕೆಳಗೆ ಹೋದ್ರೂ ತಣ್ಣಗಾಗಲ್ಲ, ಎಂದಳು ಹುಡುಗಿ ಒಂದು ದಿನ, ಬೇಸಿಗೆ ಕಣೇ, ಹಂಗೇ, ಎಂದೆ, ಆಮೇಲೆ ಇನ್ನೊಂದು ದಿನ ಬಂದಳು, ಕಣ್ಣೆಲ್ಲ ಹೊಳೆಯುತ್ತಿತ್ತು, ಅತ್ತೆ, ಕೊಂಬೆ ಹವಳ ನೋಡ್ಬೇಕು ನೀವು, ತುದಿ ತುದಿಯೆಲ್ಲ ನೀಲಿ, ನಿಮ್ಮ ಪಟ್ಟೀಲಿ ಆ ನೀಲಿ ಇಲ್ಲವೇ ಇಲ್ಲ, ಬೆಳಕು ಹಚ್ಚಿಟ್ಟ ಹಾಗಿದೆ, ಪ್ರವಾಸಿಗಳ ದೋಣಿ ಸಾಲುಗಟ್ಟಿ ನಿಂತಿದೆ. ನಾನು ಕುಣಿಯುವುದೊಂದು ಬಾಕಿ. ಎಷ್ಟು ವರ್ಷದ ಮೇಲೆ ಒಂದು ಹೊಸ ಬಣ್ಣ! ಅವತ್ತೇ ನೀಲಿ ಕಲಸಿದೆ, ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇನ್ನೂ ಹೊಳೀಬೇಕಾ, ಇನ್ನೂನಾ, ಎಂದು ಕೇಳಿ ಕೇಳಿ ಗೋಡೆಯ ನಟ್ಟನಡುವಿನ ಕೊಂಬೆಯ ತುದಿಗೆ ಹಚ್ಚಿದೆ, ಇಗೋ ಇದೇ ಕೊಂಬೆ, ಇದಿನ್ನೂ ಹಾಗೆಯೇ ಇದೆ, ಸುತ್ತ ಎಲ್ಲ ಬಿಳಿಯಾಗಿ ಇದೊಂದು ಉಳಿದಿದೆ, ಮುಂಜಾನೆಯಿಂದ ಇದರ ಹತ್ತಿರ ಬಂದು ಬಂದು ಬ್ರಷ್ಷು ಪಕ್ಕಕ್ಕೆ ಹೋಗುತ್ತಿದೆ. ಆ ಸಂಜೆ ಚಪ್ಪಲಿ ಬಿಟ್ಟವಳೇ ನೇರ ಅಡುಗೆಮನೆಗೆ, ಇವರನ್ನು ಕುರ್ಚಿಯಿಂದ ಎಬ್ಬಿಸಿ ಗೋಡೆ ಹಿಡಿಸಿ ಕರೆದುಕೊಂಡು ಬಂದೆ, ಟೀ ಪಾತ್ರೆ ಕೆಳಗಿಳಿಸಿದೆ, ನೋಡಿ ರೀ, ಈ ಉರಿ ನೋಡಿ, ಪಾತ್ರೆ ತೆಗೆದ ಮೇಲೆ ಒಲೆ ಉರಿಯುತ್ತಲ್ಲ, ಈ ನೀಲಿ, ಹಿಂಗೇ ಇದೆಯಂತೆ ಕೊಂಬೆ ಹವಳದ ತುದಿ, ಕಂಡಿದ್ರಾ ನೀವು ಯಾವತ್ತಾದ್ರೂ? ಇವರು ಒಲೆಯನ್ನೇ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಒಂದು ಕೈ ಗೋಡೆಯ ಮೇಲಿಟ್ಟು ಇನ್ನೊಂದು ಕೈ ಚಾಚಿ ಒಲೆ ಆರಿಸಿದರು. ನಾನು ನಕ್ಕೆ, ಅಬ್ಬಬ್ಬಾ, ಏನು ಉಳಿತಾಯ ರೀ ನಿಮ್ಮದು, ಗ್ಯಾಸು ಖಾಲಿಯಾಗುತ್ತೆ ಅಂತಾನಾ, ಎಂದೆ. ಇವರು ಕುರ್ಚಿಗೆ ಹೋದರು, ಟೀ ಆರಿ ಕೆನೆ ಕಟ್ಟಿತು, ಕುಡಿಯಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೇ ಹುಡುಗಿ ಬಂದು ಇಲ್ಲೇ ಈ ಗೋಡೆಯ ಎದುರು ನೆಲದ ಮೇಲೆ ಕುಸಿದು ಕೂತಳು, ಪಟ್ಟಿಗಳ ಗೊಂಚಲು ಬಿಚ್ಚಿ ನನ್ನ ಕೈಯಲ್ಲಿಟ್ಟಳು, ಇದು ಬೇಡ ಅತ್ತೆ, ಹಿಡಿಯೋಕೆ ಏನೂ ಇಲ್ಲ ಅಲ್ಲಿ, ಎಲ್ಲಾ ಬೆಳ್ಳಗಾಗಿದೆ, ಎಂದಳು, ಮಕ್ಕಳ ಹಾಗೆ ಅತ್ತಳು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗಿರುತ್ತದಂತೆ, ಬಣ್ಣ ಅದರದೇ, ಹವಳಕ್ಕೆ ಊಟ ಹಾಕುವುದೂ ಅದೇ, ನೀರು ಕಾದರೆ ಇಬ್ಬರಿಗೂ ಆಗಿಬರುವುದಿಲ್ಲ, ಹವಳ ಅದನ್ನು ಹೊರಗೆ ಹಾಕುತ್ತದಂತೆ, ಮೇಡಂ ನಿಧಾನವಾಗಿ ಬಿಡಿಸಿ ಹೇಳಿದಳು. ಬಾಡಿಗೆಯವರು ಹೋದ ಮನೆ. ನಾನು ಕೇಳಿದ್ದು ಒಂದನ್ನೇ, ಇದನ್ನು ಮನೆಯಲ್ಲಿ ಹೇಗೆ ಹೇಳಲಿ, ಹೇಳಿದರೆ ಇವರು ಇರುವ ಒಂದು ಕಿವಿಯನ್ನೂ ಮುಚ್ಚಿಬಿಡುತ್ತಾರೆ, ಅದೊಂದು ಹೊತ್ತು, ದಿನದಲ್ಲಿ ಅದೊಂದು ಹೊತ್ತು ಉಳಿದಿದೆ ನಮಗೆ. ಹುಡುಗಿಯ ಕೈ ಹಿಡಿದೆ, ಮಾಮನ ಹತ್ರ ಬಾಯಿ ಬಿಟ್ಟೆಯೋ ನೋಡು, ನಮ್ಮನೆ ಮೆಟ್ಟಿಲು ಹತ್ತಬೇಡ, ಎಂದೆ. ಅಲ್ಲಿಂದ ಈ ಗೋಡೆಯನ್ನು ನೋಡಿಕೊಂಡು ಹೋಗಿ ಹೇಳುವುದು, ಮಿದುಳು ಹವಳ ಹಸಿರು, ತಟ್ಟೆಗೆ ಹಳದಿ ಅಂಚು, ಅಂದರೆ ಇವರು ಯಾವತ್ತೋ ನನಗೆ ಹೇಳಿದ್ದನ್ನೇ ಇವರಿಗೆ ತಿರುಗಿ ಬಡಿಸುವುದು, ಹಳಸಿದ್ದನ್ನು ಬಿಸಿ ಮಾಡಿ.

ಬೆನ್ನು ಹಿಡಿದುಕೊಂಡಿತು. ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿದೆ, ಆ ಮೂಲೆಯಲ್ಲಿ ಮೇಡಂ ಬರೆಸಿದ ಬೋರ್ಡು, ಬೆಳಗ್ಗೆಯಷ್ಟೇ ತಂದು ಇಳಿಸಿಹೋದರು, ಗೋಡೆಯ ಪಕ್ಕ ತೂಗುಹಾಕುವುದಕ್ಕೆ, ನೋಡೋಣ ಏನು ಬರೆದಿದ್ದಾರೆ, ಕನ್ನಡಕ ಎಲ್ಲಿಟ್ಟೆ, ತಲೆಯ ಮೇಲೇ ಇದೆ, ಸಮುದ್ರದ ನೀರು ಬಿಸಿಯಾದಾಗ — ಇದೆಲ್ಲ ಗೊತ್ತು — ಹವಳವು ತನ್ನೊಳಗಿನ ಪಾಚಿಯನ್ನು — ಇದೂ ಗೊತ್ತು — ಬಣ್ಣ ಕಳೆದುಕೊಳ್ಳುವ ಮುನ್ನ ಕೆಲವು ಹವಳಗಳು ಬಿಸಿಲಿನಿಂದ ಮೈ ಉಳಿಸಿಕೊಳ್ಳಲು ಉಜ್ವಲವಾದ ನೀಲಿ ಅಥವಾ ನೇರಳೆ ಬಣ್ಣಕ್ಕೆ ತಿರುಗುತ್ತವೆ, ನೋಡುವವರು ಇದನ್ನು ಸೊಬಗೆಂದು ಭ್ರಮಿಸುವುದುಂಟು. ಇನ್ನೊಂದು ಸಲ ಓದಿದೆ. ಭ್ರಮಿಸುವುದುಂಟು. ಅಂದರೆ ಆ ನೀಲಿ — ಅದು ಕೂಗಿಕೊಳ್ಳುತ್ತಿತ್ತು, ನಾವು ದೋಣಿ ತುಂಬ ಹೋಗಿ ಚಪ್ಪಾಳೆ ತಟ್ಟಿದೆವು, ನಾನು ಡಬ್ಬಿ ತೆರೆದು ಬಣ್ಣ ಕಲಸಿ ಗೋಡೆಯ ನಟ್ಟನಡುವೆ ಕೂರಿಸಿದೆ, ಅಯ್ಯೋ ನನ್ನ ಬುದ್ಧಿಗಿಷ್ಟು. ಕೂತುಕೊಳ್ಳಬೇಕು. ಸ್ಟೂಲು. ಇವರು ಒಲೆ ಆರಿಸಿದರು. ಒಂದು ಕೈ ಗೋಡೆಯ ಮೇಲೆ, ಒಂದು ಕೈ ಒಲೆಯ ತಿರುಪಿನ ಮೇಲೆ, ಉರಿ ಒಂದು ಸಲ ಸಣ್ಣಗಾಗಿ ಇಲ್ಲವಾಯಿತು — ಉಳಿತಾಯ ಅಲ್ಲ ಅದು. ಇವರಿಗೆ ಗೊತ್ತಿತ್ತಾ? ಅವತ್ತೇ ಗೊತ್ತಿತ್ತಾ? ಆಮೇಲೆ ಯಾವತ್ತಾದರೂ ಕೊಂಬೆ ಹವಳದ ವಿಷಯ ಕೇಳಿದರಾ ಇವರು, ನೆನಪು ಮಾಡಿಕೋ, ಕೇಳಲಿಲ್ಲ, ಮಿದುಳು ಕೇಳಿದರು, ತಟ್ಟೆ ಕೇಳಿದರು, ನಾನೇ ಕೊಂಬೆ ಎಂದು ಬಾಯಿ ತೆಗೆದರೆ, ಸಾಕು ಬಿಡು, ಸುಸ್ತಾಗಿದೆ ನಿಂಗೆ, ನಾಳೆ ಹೇಳುವೆಯಂತೆ, ಎನ್ನುತ್ತಿದ್ದರು. ನನಗೆ ಸುಸ್ತಾಗಿದೆಯೆಂದು ಅಷ್ಟು ಕಾಳಜಿ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ.

ಆಟೋ ನಿಂತ ಸದ್ದು, ಇದೇ ಬೀದಿಯಲ್ಲಿ, ಬೇರೆ ಯಾರದೋ ಇರಬಹುದು, ವಾಚ್‌ಮನ್ ಕುರ್ಚಿ ಸರಿಸಿದ, ನಮಸ್ಕಾರ ಸಾರ್, ಎಷ್ಟು ದಿನ ಆಯ್ತು ಸಾರ್ ನಿಮ್ಮನ್ನ ನೋಡಿ, ನಿಧಾನ, ಮೂರು ಮೆಟ್ಟಿಲಿದೆ. ಓಡಿಹೋಗಿ ದೀಪ ಆರಿಸಿಬಿಡಲಾ, ಏನಾದರೂ ಮುಚ್ಚಲಾ, ಇಡೀ ಗೋಡೆ ಮುಚ್ಚುವುದಕ್ಕೆ ಯಾವ ಬಟ್ಟೆ ಸಾಲುತ್ತದೆ. ಬಂದರು. ಬಾಗಿಲಲ್ಲಿ ಇವರು, ಹಿಂದೆ ಹುಡುಗಿ, ಅವಳು ನನ್ನನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದಾಳೆ, ನಾನೇನೂ ಹೇಳಿಲ್ಲ ಅತ್ತೆ, ಆಣೆ ಮಾಡ್ತೀನಿ, ಎನ್ನುವ ಹಾಗೆ. ಇವರು ಗೋಡೆ ಹಿಡಿದುಕೊಂಡು ಬರುತ್ತಿದ್ದಾರೆ, ಕೈ ಗೋಡೆಯಿಂದ ಗೋಡೆಗೆ, ಗೋಡೆಯಿಂದ ದಿಬ್ಬಕ್ಕೆ, ರೀ, ರೀ, ಹಸಿ ಇದೆ, ಎನ್ನುವಷ್ಟರಲ್ಲಿ ಅಂಗೈ ಪೂರ್ತಿ ಮಿದುಳು ಹವಳದ ಮೇಲೆ. ತೆಗೆದು ನೋಡಿಕೊಂಡರು. ಬೆಳ್ಳಗಿನ ಅಂಗೈ. ಆಮೇಲೆ ತಲೆಯೆತ್ತಿ ನೋಡಿದರು, ಆ ಮೂಲೆಯಿಂದ ಈ ಮೂಲೆಯವರೆಗೆ, ನೀರಿನೊಳಗೆ ಇದ್ದವರ ಹಾಗೆ ನಿಧಾನಕ್ಕೆ, ನಾನು ಉಸಿರು ಹಿಡಿದಿದ್ದೆ, ಹುಡುಗಿಯೂ ಹಿಡಿದಿದ್ದಳು, ಬಯ್ಯಿರಿ, ಸುಳ್ಳಿ ಅನ್ನಿ, ಏನಾದರೂ ಅನ್ನಿ, ಆ ಕುರ್ಚಿಗೆ ಮಾತ್ರ ವಾಪಸ್ಸು ಹೋಗಬೇಡಿ.

ಈ ಬಿಳಿ ತಪ್ಪು ಕಣೇ, ಎಂದರು. ಏನು? ತಪ್ಪು, ಇದು ಗೋಡೆಗೆ ಸುಣ್ಣ ಹೊಡೆದ ಹಾಗಿದೆ, ಇದು ಸತ್ತಿದ್ದು, ಬಣ್ಣ ಹೋದ ತಕ್ಷಣ ಸಾಯಲ್ಲ ಅದು, ಮೈ ಹಂಗೇ ಇರುತ್ತೆ, ಗಾಜಿನ ಹಾಗೆ, ಒಳಗಿನ ಮೂಳೆ ಕಾಣುತ್ತೆ ಅಷ್ಟೇ, ಹಸ್ಕೊಂಡು ಕಾಯ್ತಾ ಇರುತ್ತೆ, ಜೀವ ಇರೋ ಬಿಳಿ ಬೇರೆ. ನೀವೆಲ್ಲಿ ನೋಡಿದ್ರಿ, ಎಂದೆ. ಮದುವೆಗೆ ಮುಂಚೆ, ಬೇರೆ ಕಡೆ ಕೆಲಸಕ್ಕಿದ್ದಾಗ, ಅಲ್ಲೂ ಹಿಂಗೇ ಒಂದು ಬೇಸಿಗೆ ಬಂದಿತ್ತು, ಮೊದಲು ನೀಲಿ, ಆಮೇಲೆ ಇದು. ಅಂದ್ರೆ ನಿಮಗೆ — ಹೂಂ, ನೀನು ಒಲೆ ತೋರಿಸಿದ ದಿನಾನೇ. ಗೊತ್ತಿದ್ದೂ ಗೊತ್ತಿದ್ದೂ ದಿನಾ ಕೂತು ಕೇಳಿದ್ರಾ, ನನ್ನ ಬಾಯಿಗೆ ಬಂದ ಹಸಿರು ಹಳದಿಯೆಲ್ಲ ಕೇಳಿದ್ರಾ, ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ, ಎಂದು ನಾನೇ ಜಗಳಕ್ಕೆ ನಿಂತೆ, ನೋಡು ನನ್ನ ಜೋರು, ಸುಳ್ಳು ಹೇಳಿದವಳು ನಾನು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿದೆ. ಇವರು ಬಿಳಿ ಅಂಗೈಯನ್ನು ಏನು ಮಾಡುವುದೆಂದು ತಿಳಿಯದವರ ಹಾಗೆ ಗಾಳಿಯಲ್ಲಿ ಹಿಡಿದುಕೊಂಡು, ನೀನು ಹೇಳೋದು ನಿಲ್ಲಿಸಿಬಿಟ್ರೆ ಸಂಜೆ ಹೊತ್ತು ನಾನೇನು ಮಾಡ್ಲಿ, ಎಂದರು. ಹುಡುಗಿ ಬಾಗಿಲ ಕಡೆಗೆ ಮುಖ ತಿರುಗಿಸಿಕೊಂಡಳು, ಮೂಗು ಏರಿಸುವ ಸದ್ದು ಮಾತ್ರ ಕೇಳಿಸಿತು.

ಅಲ್ಲಿ ಬಣ್ಣ ವಾಪಸ್ಸು ಬಂತಾ, ಎಂದು ಕೇಳಿದೆ, ಕೇಳಬಾರದಿತ್ತೇನೋ. ಕೆಲವಕ್ಕೆ ಬಂತು, ನೀರು ಬೇಗ ತಣ್ಣಗಾದ ಕಡೆ, ಬಹಳಷ್ಟಕ್ಕೆ ಬರಲಿಲ್ಲ, ಎಂದರು, ಬಿಳಿ ಕಡಿಮೆ ಮಾಡು, ವಾರ್ನಿಷ್ ತೆಗಿ. ತೆಗೆದೆ, ಡಬ್ಬಿಯ ಮುಚ್ಚಳ ಕಚ್ಚಿಕೊಂಡಿತ್ತು, ಹುಡುಗಿ ಬಂದು ಚಾಕುವಿನಿಂದ ಎತ್ತಿದಳು, ಬೂದಿ ಬಣ್ಣ ಒಂದೆರಡು ಹನಿ ಹಾಕು, ಎಲ್ಲಿ, ಅಷ್ಟೇನಾ, ಎಂದು ಇವರು ಬಂದು ನನ್ನ ಬೆನ್ನ ಹಿಂದೆ ನಿಂತರು, ನೆಲ ತಿರುಗುತ್ತದೆ ಇವರಿಗೆ, ಆಸರೆ ಬೇಕು, ಹೆಗಲ ಮೇಲೆ ಕೈ, ಬಟ್ಟೆಗೆ ಬಿಳಿ ಅಂಗೈ ಅಚ್ಚಾಯಿತು, ಆಗಲಿ, ಆಮೇಲೆ ಗದ್ದ. ಉಪ್ಪಿನ ವಾಸನೆ ಇಲ್ಲ, ರಬ್ಬರಿನದೂ ಇಲ್ಲ, ಸೋಪಿನ ವಾಸನೆ, ಮಾತ್ರೆಯ ವಾಸನೆ, ಕೂದಲು ಒಣಗಿದೆ. ಇನ್ನೊಂಚೂರು. ವಾರ್ನಿಷ್ ಬಿತ್ತು, ಬಿಳಿ ತೆಳ್ಳಗಾಯಿತು, ಒಳಗೆ ಏನೋ ಇದೆ ಎನ್ನುವ ಹಾಗೆ ಕಂಡಿತು. ಇನ್ನೊಂಚೂರು ಹಾಕೇ ಜಿಪುಣಿ. ಬೇಕೆಂದೇ ಹೆಚ್ಚು ಹಾಕುವುದಕ್ಕೂ ಆಗುತ್ತಿಲ್ಲ. ಹಾಂ, ನಿಲ್ಸು. ಉಸಿರು ಕಿವಿಗೆ ತಾಕಿತು.

ತಟ್ಟೆಗೆ ಹಚ್ಚಿದೆ, ಮಿದುಳಿನ ಮೇಲೆ ಇವರ ಅಂಗೈ ಗುರುತಿದೆ, ಅದರ ಮೇಲೂ ತೆಳ್ಳಗೆ ಹಚ್ಚಿದೆ, ಬೆರಳಿನ ಗೆರೆ ಅಳಿಸದ 
ಹಾಗೆ, ಬ್ರಷ್ಷು ನಡೆದು ನಡೆದು ನಟ್ಟನಡುವಿನ ಕೊಂಬೆಯ ಬುಡಕ್ಕೆ ಬಂತು, ಬುಡ ಹತ್ತಿತು, ಅರ್ಧ ಹತ್ತಿತು, ನಿಂತಿತು. ಎಲ್ಲ ಬಿಳಿ ಆಗಬೇಕು, ಮೇಡಂ ಹೇಳಿದ್ದಾರೆ. ಇದಕ್ಕೂ ಹಚ್ಲಾ ರೀ? ಗದ್ದ ನನ್ನ ಹೆಗಲ ಮೇಲೆಯೇ ಇದೆ, ಇವರ ಕೈ ನನ್ನ ಪಕ್ಕದಿಂದ ಮುಂದಕ್ಕೆ ಬಂತು, ಆ ಸಂಜೆ ಒಲೆಗೆ ಬಂದ ಹಾಗೆಯೇ ಬಂತು, ಆರಿಸುತ್ತಾರೆ, ಈಗ ಆರಿಸುತ್ತಾರೆ — ಕೈ ನನ್ನ ಬ್ರಷ್ಷನ್ನು ಹಿಡಿದು ಕೆಳಗಿಳಿಸಿತು. ಬೇಡ, ಉರೀಲಿ, ಎಂದರು. ಬ್ರಷ್ಷಿನಿಂದ ಹನಿ ಎಲ್ಲಿ ಬಿತ್ತೋ ನೋಡಲಿಲ್ಲ. ಸುತ್ತ ಬಿಳಿ, ಹಸಿದ ಬಿಳಿ, ಇವರ ಉಸಿರು, ನನ್ನ ಉಸಿರು, ನಡುವೆ ತುದಿ, ತುದಿಯಲ್ಲಿ ನೀಲಿ, ಪಾತ್ರೆ ಇಡದ ಒಲೆ, ಯಾರೂ ಆರಿಸದ ನೀಲಿ, ತುದಿಯಲ್ಲಿ — ನೀಲಿ.